ಗುಂಪಿನಿಂದ ತೆಗೆದ ಹೆಸರು

ಹಳ್ಳಿ ಶಾಲೆಯ ಶಿಕ್ಷಕಿಗೆ ತನ್ನ ಪಿಂಚಣಿ, ವರ್ಗಾವಣೆ, ಬಡ್ತಿಯ ಸುದ್ದಿಯನ್ನು ಇಲಾಖೆಗಿಂತ ಮೊದಲು ಮುಟ್ಟಿಸುವುದು ಶಿಕ್ಷಕರ ಸಂಘ. ಬೆಂಗಳೂರಿನ ನೃಪತುಂಗ ರಸ್ತೆಯ ಕಚೇರಿಯಿಂದ ಹೊರಟ ಸುತ್ತೋಲೆ ಉಪನಿರ್ದೇಶಕರ ಕಚೇರಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಮುಖ್ಯ ಶಿಕ್ಷಕರನ್ನು ದಾಟಿ ಬರುವಷ್ಟರಲ್ಲಿ ಸಂಘದ ತಾಲ್ಲೂಕು ಕಾರ್ಯದರ್ಶಿ ಮೊಬೈಲಿನಲ್ಲಿ ನಾಲ್ಕು ಸಾಲು ಟೈಪ್ ಮಾಡಿ ಕಳಿಸಿರುತ್ತಾನೆ. ಆ ನಾಲ್ಕು ಸಾಲನ್ನು ನಂಬಿ ಜನ ಸಾಲ ತೆಗೆಯುತ್ತಾರೆ, ಮಗಳ ಮದುವೆ ಗೊತ್ತು ಮಾಡುತ್ತಾರೆ, ಅರ್ಜಿ ಹಾಕುತ್ತಾರೆ, ಇಲ್ಲವೇ ಹಾಕದೆ ಬಿಡುತ್ತಾರೆ. ಮಧ್ಯ ಕರ್ನಾಟಕದ ಒಂದು ಬಯಲುಸೀಮೆ ತಾಲ್ಲೂಕಿನಲ್ಲಿ ಹಲವು ವರ್ಷ ಆ ಸಾಲುಗಳನ್ನು ಬರೆದವನು ನಾನು. ನಾನು ಕಳಿಸಿದ್ದರಲ್ಲಿ ಸುಳ್ಳಿಲ್ಲ ಎಂದು ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೆ. ಏನನ್ನು ಬಿಟ್ಟೆ, ಯಾರನ್ನು ಬಿಟ್ಟೆ ಎಂದು ಕೇಳಿಕೊಂಡಿರಲಿಲ್ಲ.

ಮೊಬೈಲ್ ಬರುವ ಮುಂಚೆ ಸುದ್ದಿ ಹೇಳಬೇಕೆಂದರೆ ಎದುರಿಗೆ ಜನ ಕೂತಿರಬೇಕಿತ್ತು. ಗುರುಭವನದಲ್ಲಿ ಸಭೆ ಸೇರುತ್ತಿತ್ತು. ಹಿರಿಯ ಮೇಷ್ಟ್ರೊಬ್ಬರು ಆದೇಶವನ್ನು ಮೊದಲ ಪುಟದಿಂದ ಕೊನೆಯ ಷರತ್ತಿನವರೆಗೆ ಓದುತ್ತಿದ್ದರು. ‘ಇದು ನಮಗೆ ಅನ್ವಯ ಆಗುತ್ತಾ ಸರ್?’ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳುತ್ತಿದ್ದರು. ಉತ್ತರ ಗೊತ್ತಿಲ್ಲದಿದ್ದರೆ ಮುಂದಿನ ಸಭೆಗೆ ತಿಳಿದುಕೊಂಡು ಬರಬೇಕಿತ್ತು. ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಸಭೆ ಶುರುವಾಗುತ್ತಿದ್ದದ್ದು ಶಾಲೆ ಬಿಟ್ಟ ಮೇಲೆ, ಸಂಜೆ. ಊರಿನ ಕೊನೆಯ ಬಸ್ಸು ಹಿಡಿಯಬೇಕಾದ ಶಿಕ್ಷಕಿಯರು ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡುವವರಲ್ಲಿ ಹೆಂಗಸರೇ ಹೆಚ್ಚು, ವೇದಿಕೆಯ ಮೇಲೆ ಕೂರುತ್ತಿದ್ದವರು ನಾವು ಗಂಡಸರೇ. ವಾಟ್ಸ್‌ಆ್ಯಪ್ ಬಂದಾಗ ಈ ಕೊರತೆ ತೀರಿತು ಎಂದೇ ನಾನು ನಂಬಿದೆ. ಇನ್ನು ಯಾರೂ ಬಸ್ಸಿಗೆ ಓಡಬೇಕಿಲ್ಲ, ಎಲ್ಲರಿಗೂ ಒಂದೇ ಕ್ಷಣಕ್ಕೆ ಸುದ್ದಿ ಸಿಗುತ್ತದೆ ಎಂದುಕೊಂಡೆ.

ಆದರೆ ಅದರ ಜೊತೆಗೇ ಒಂದು ಪೈಪೋಟಿಯೂ ಬಂತು. ಸಂಘದೊಳಗಿನ ಯಾವ ಬಣ ಮೊದಲು ಸುದ್ದಿ ಹಾಕಿತು, ಯಾರ ಹೆಸರಿನಲ್ಲಿ ಹಾಕಿತು ಎಂಬುದು ಸಂಘದ ಚುನಾವಣೆಯಲ್ಲಿ ಮತವಾಗುತ್ತಿತ್ತು. ಹಾಗಾಗಿ ಆದೇಶ ಕೈಗೆ ಬಂದ ಕೂಡಲೇ ನಾನು ಮೊದಲ ಪುಟದ ಚಿತ್ರ ತೆಗೆದು, ಮೇಲೆ ಅಭಿನಂದನೆ, ಕೆಳಗೆ ನಮ್ಮ ಮುಖಂಡರ ಹೆಸರು ಸೇರಿಸಿ ಹರಿಯಬಿಡುತ್ತಿದ್ದೆ. ಷರತ್ತು, ಗಡುವು, ಯಾರಿಗೆ ಅನ್ವಯ ಎಂಬುದೆಲ್ಲ ಇರುವುದು ಒಳಪುಟಗಳಲ್ಲಿ. ಎಷ್ಟೋ ಸಲ ನಾನು ಅವನ್ನು ಓದುತ್ತಿದ್ದದ್ದು ಕಳಿಸಿದ ಮೇಲೆ.

2023ರ ಮಾರ್ಚ್ 1ನ್ನು ರಾಜ್ಯದ ಯಾವ ಸರ್ಕಾರಿ ನೌಕರನೂ ಮರೆತಿರಲಾರ. ವೇತನ ಪರಿಷ್ಕರಣೆ ಮತ್ತು ಹಳೆ ಪಿಂಚಣಿಗಾಗಿ ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಕರೆ ಇತ್ತು. ಬೆಳಿಗ್ಗೆ ಕಚೇರಿ, ಶಾಲೆಗಳ ಬಾಗಿಲು ಮುಚ್ಚಿದವು. ಅಂದೇ ಸರ್ಕಾರ ಮೂಲ ವೇತನದ ಶೇ 17ರಷ್ಟು ಮಧ್ಯಂತರ ಪರಿಹಾರ ಘೋಷಿಸಿತು, ಮುಷ್ಕರ ಅಂದೇ ಮುಗಿಯಿತು. ‘ಐತಿಹಾಸಿಕ ಜಯ’ ಎಂದು ನಾನು ಬರೆದೆ. ಶೇ 17 ನಿಜವಾಗಿಯೂ ದೊಡ್ಡದೇ, ಅದನ್ನು ಪಡೆಯಲು ಬೀದಿಗಿಳಿದವರ ಶ್ರಮವೂ ದೊಡ್ಡದೇ. ಆದರೆ ಹಳೆ ಪಿಂಚಣಿಯ ಬೇಡಿಕೆ ಅಂದು ಈಡೇರಲಿಲ್ಲ. ಬೇರೆ ರಾಜ್ಯಗಳಲ್ಲಿ ಅದನ್ನು ಹೇಗೆ ಜಾರಿ ಮಾಡಿದ್ದಾರೆಂದು ನೋಡಿಬರಲು ಸಮಿತಿಯೊಂದನ್ನು ಮಾಡಿದರು. ನನ್ನ ಸಂದೇಶದಲ್ಲಿ ಆ ಸಮಿತಿಯ ಮಾತಿರಲಿಲ್ಲ. ಜಯದ ದಿನ ಅರ್ಧ ಸೋಲಿನ ಮಾತೇಕೆ ಎಂದು ಬೇಕೆಂದೇ ಬಿಟ್ಟೆ.

ಬಿಟ್ಟದ್ದು ಯಾರಿಗೆ ತಟ್ಟುತ್ತದೆ ಎಂಬುದು ನನಗೆ ಗೊತ್ತಿತ್ತು. 2006ರ ಏಪ್ರಿಲ್ 1ರಂದು ಮತ್ತು ಆಮೇಲೆ ಕೆಲಸಕ್ಕೆ ಸೇರಿದವರು ಹೊಸ ಪಿಂಚಣಿ ಪದ್ಧತಿಯಾದ ಎನ್‌ಪಿಎಸ್‌ಗೆ ಬರುತ್ತಾರೆ. ಅವರ ಮೂಲ ವೇತನ ಮತ್ತು ತುಟ್ಟಿಭತ್ಯೆಯಲ್ಲಿ ಪ್ರತಿ ತಿಂಗಳು ಶೇ 10 ಮುರಿದುಕೊಳ್ಳುತ್ತಾರೆ, ಸರ್ಕಾರ ತನ್ನ ಪಾಲು ಸೇರಿಸುತ್ತದೆ, ಆ ಹಣ ಮಾರುಕಟ್ಟೆಯಲ್ಲಿ ಹೂಡಿಕೆಯಾಗುತ್ತದೆ. ನಿವೃತ್ತಿಯ ದಿನ ಕೂಡಿದ ಗಂಟಿನಲ್ಲಿ ಕನಿಷ್ಠ ಶೇ 40ನ್ನು ತಿಂಗಳ ಪಿಂಚಣಿಗೆಂದು ಇಟ್ಟು ಉಳಿದದ್ದನ್ನು ತೆಗೆದುಕೊಳ್ಳಬಹುದು. ಕೊನೆಗೆ ತಿಂಗಳಿಗೆ ಎಷ್ಟು ಬರುತ್ತದೆ ಎಂದು ಯಾರೂ ಮೊದಲೇ ಹೇಳಲಾರರು. ಹಳೆ ಪದ್ಧತಿಯಲ್ಲಿ (ಓಪಿಎಸ್) ಪೂರ್ಣ ಸೇವೆ ಮಾಡಿದವರಿಗೆ ಕೊನೆಯ ಮೂಲ ವೇತನದ ಅರ್ಧ ಖಾತ್ರಿ, ಅದರ ಮೇಲೆ ತುಟ್ಟಿಭತ್ಯೆ, ತಮ್ಮ ನಂತರ ಕುಟುಂಬಕ್ಕೂ ಪಿಂಚಣಿ. ನಾನು 2006ಕ್ಕೆ ಮುಂಚೆ ಸೇರಿದವನು. ನಮ್ಮ ಪದಾಧಿಕಾರಿಗಳಲ್ಲಿ ಹೆಚ್ಚಿನವರೂ ಹಾಗೆಯೇ. ನಮ್ಮ ಮುಪ್ಪು ಭದ್ರವಾಗಿತ್ತು. ಗುಂಪಿನಲ್ಲಿದ್ದ ಅರ್ಧಕ್ಕಿಂತ ಹೆಚ್ಚು ಜನರದ್ದು ಹಾಗಿರಲಿಲ್ಲ.

ಅಂದು ರಾತ್ರಿ ಒಬ್ಬ ಶಿಕ್ಷಕಿ ಗುಂಪಿನಲ್ಲಿ ಕೇಳಿದರು: ‘ಸರ್, ಎನ್‌ಪಿಎಸ್ ವಿಷಯ ಏನಾಯ್ತು?’ ನಾನು ಉತ್ತರಿಸಲಿಲ್ಲ. ಮರುದಿನ ಮತ್ತೆ ಕೇಳಿದರು. ಆಮೇಲೆ, ‘ಸಂಘದ ಸದಸ್ಯತ್ವ ಶುಲ್ಕ ನಮ್ಮ ಸಂಬಳದಲ್ಲೂ ಮುರಿಯುತ್ತೆ ಸರ್, ಉತ್ತರ ಕೊಡಿ’ ಎಂದು ಬರೆದರು. ಅದಕ್ಕೆ ಹಲವರು ಹೆಬ್ಬೆರಳು ಎತ್ತಿದರು. ನನಗೆ ಅದು ಎದುರು ಬಣದವರ ಕೆಲಸದಂತೆ ಕಂಡಿತು. ಆಕೆ ಯಾವ ಬಣಕ್ಕೂ ಸೇರಿದವರಲ್ಲ, ಕೇಳಿದರೆ ತಿಳಿಯುತ್ತಿತ್ತು. ಕೇಳಲಿಲ್ಲ. ಅವರನ್ನು ಗುಂಪಿನಿಂದ ತೆಗೆದೆ. ಅಡ್ಮಿನ್‌ಗಳು ಮಾತ್ರ ಬರೆಯಬಹುದು ಎಂದು ಬದಲಾಯಿಸಿದೆ. ಗುಂಪು ಶಾಂತವಾಯಿತು, ನನಗೆ ಅದು ಶಿಸ್ತು ಎನಿಸಿತು. ಆಕೆ ಸಂಘದ ಸದಸ್ಯೆಯಾಗಿಯೇ ಉಳಿದರು, ಶುಲ್ಕ ಕಡಿತವಾಗುತ್ತಲೇ ಇತ್ತು, ಸುದ್ದಿ ಮಾತ್ರ ನಿಂತಿತು. ಇದು ತಪ್ಪೆಂದು ನಮ್ಮ ಪದಾಧಿಕಾರಿಗಳಲ್ಲಿ ಒಬ್ಬರೂ ಹೇಳಲಿಲ್ಲ. ಹೇಳುವಂಥವರನ್ನು ನಾನು ಹತ್ತಿರ ಇಟ್ಟುಕೊಂಡಿರಲಿಲ್ಲ.

2024ರ ಜನವರಿ 24ರಂದು ಒಂದು ಸರ್ಕಾರಿ ಆದೇಶ ಬಂತು. 2006ರ ಏಪ್ರಿಲ್ 1ಕ್ಕೆ ಮುಂಚೆ ಹೊರಟ ನೇಮಕಾತಿ ಅಧಿಸೂಚನೆಯ ಮೂಲಕ ಆಯ್ಕೆಯಾಗಿ, ಆ ದಿನಾಂಕದ ನಂತರ ಕೆಲಸಕ್ಕೆ ಹಾಜರಾದವರಿಗೆ ಹಳೆ ಪಿಂಚಣಿಗೆ ಮರಳುವ ಅವಕಾಶ ಅದರಲ್ಲಿತ್ತು. ಆಯ್ಕೆ ಪ್ರಕ್ರಿಯೆ ಎಳೆದದ್ದು ಸರ್ಕಾರ, ಪಿಂಚಣಿ ಕಳೆದುಕೊಂಡದ್ದು ನೌಕರ. ಆ ಅನ್ಯಾಯ ಸರಿಪಡಿಸಲು ಬಂದ ಆದೇಶ ಅದು. ರಾಜ್ಯದಲ್ಲಿ ಸುಮಾರು 13 ಸಾವಿರ ನೌಕರರಿಗೆ ಅನುಕೂಲ ಎಂದು ಸರ್ಕಾರ ಹೇಳಿತು. ಆದರೆ ತಾನಾಗಿಯೇ ಸಿಗುವಂಥದ್ದಲ್ಲ. 2024ರ ಜೂನ್ 30ರೊಳಗೆ ಲಿಖಿತ ಅಭಿಮತ ಸಲ್ಲಿಸಬೇಕಿತ್ತು.

ನಾನು ಬರೆದದ್ದು ಇಷ್ಟು: ‘ಹೋರಾಟಕ್ಕೆ ಸಂದ ಫಲ. ಓಪಿಎಸ್ ಜಾರಿ. ಮುಖಂಡರಿಗೆ ಅಭಿನಂದನೆಗಳು.’ ಕೆಳಗೆ ಹಾರ ಹಾಕಿದ ಫೋಟೊ.

ಆ ಮೂರು ವಾಕ್ಯ ಎರಡು ಬಗೆಯ ಕೇಡು ಮಾಡಿದವು. 2006ರ ಎಷ್ಟೋ ವರ್ಷದ ನಂತರದ ಅಧಿಸೂಚನೆಯಲ್ಲಿ ಆಯ್ಕೆಯಾದ ಯುವ ಶಿಕ್ಷಕರು ತಮಗೂ ಹಳೆ ಪಿಂಚಣಿ ಬಂತೆಂದು ನಂಬಿದರು. ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಮಕ್ಕಳಿಗೆಲ್ಲ ಸಿಹಿ ಹಂಚಿದರು. ನಾಲ್ಕು ದಿನದ ಮೇಲೆ ನಿಜ ತಿಳಿದಾಗ ಅವರಲ್ಲೊಬ್ಬರು ಫೋನ್ ಮಾಡಿ, ‘ನಮ್ಮಪ್ಪನಿಗೆ ಹೇಳಿಬಿಟ್ಟಿದ್ದೆ ಸರ್’ ಎಂದಷ್ಟೇ ಹೇಳಿ ಇಟ್ಟರು. ಇನ್ನೊಂದು ಕೇಡು ಸದ್ದಿಲ್ಲದ್ದು. ನಿಜವಾಗಿ ಅರ್ಹರಾದವರು ‘ಜಾರಿ’ ಎಂಬ ಮಾತು ಓದಿ, ಇನ್ನು ಇಲಾಖೆಯೇ ನೋಡಿಕೊಳ್ಳುತ್ತದೆ ಎಂದು ಸುಮ್ಮನಾದರು. ಅರ್ಜಿ ಹಾಕಬೇಕೆಂದು ನಾನು ಹೇಳಿರಲಿಲ್ಲವಲ್ಲ. ಆಮೇಲೆ ಲೋಕಸಭಾ ಚುನಾವಣೆ, ತರಬೇತಿ, ಮತಗಟ್ಟೆ ಕೆಲಸ, ಬೇಸಿಗೆ ರಜೆ, ಶಾಲಾ ಪ್ರಾರಂಭೋತ್ಸವ. ತಿಂಗಳುಗಳು ಹೋದದ್ದೇ ತಿಳಿಯಲಿಲ್ಲ.

ಜೂನ್ ಕೊನೆಯ ವಾರದ ಒಂದು ಸಂಜೆ ನಾನು ಗುಂಪಿನಿಂದ ತೆಗೆದಿದ್ದ ಆ ಶಿಕ್ಷಕಿ ಗುರುಭವನಕ್ಕೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅವರು ಅರ್ಹರಾಗಿದ್ದರು. ಅಧಿಸೂಚನೆ 2006ರ ಏಪ್ರಿಲ್‌ಗಿಂತ ಮುಂಚಿನದು, ಹಾಜರಾದದ್ದು ಆಮೇಲೆ. ಇದು ಅವರಿಗೆ ಗೊತ್ತಾದದ್ದು ಬೇರೆ ಇಲಾಖೆಯಲ್ಲಿರುವ ಭಾವನಿಂದ, ಅದೂ ಅದೇ ವಾರ. ನೇಮಕಾತಿ ಅಧಿಸೂಚನೆಯ ಪ್ರತಿ ಬೇಕಿತ್ತು, ಅದು ಸಂಘದ ಬೀರುವಿನಲ್ಲಿ ಇರಬಹುದೆಂದು ಬಂದಿದ್ದರು.

ನಾನು ಏನೋ ಸಮಜಾಯಿಷಿ ಶುರು ಮಾಡಿದೆ. ಅವರು ಕೈ ತೋರಿಸಿ ನಿಲ್ಲಿಸಿದರು. ‘ನನ್ನನ್ನ ಯಾಕೆ ತೆಗೆದ್ರಿ ಅಂತ ಕೇಳೋಕೆ ಬಂದಿಲ್ಲ ಸರ್. ನನ್ನ ಜೊತೆ ಆಯ್ಕೆಯಾದವರು ಈ ತಾಲ್ಲೂಕಿನಲ್ಲಿ ಇನ್ನೂ ಇದಾರೆ. ಯಾರ್‍ಯಾರು ಅರ್ಜಿ ಕೊಟ್ಟಿಲ್ಲ ಅಂತ ಇವತ್ತೇ ಪಟ್ಟಿ ಮಾಡಬೇಕು. ನಿಮ್ಮ ಹತ್ರ ಎಲ್ಲರ ನಂಬರ್ ಇದೆ, ನನ್ನ ಹತ್ರ ಇಲ್ಲ.’

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಸಂಘ ಎಂದರೆ ಏನೆಂದು ಅಷ್ಟು ವರ್ಷ ವೇದಿಕೆಯ ಮೇಲೆ ಮಾತಾಡಿದವನು ನಾನು. ಆ ಸಂಘದ ಕೆಲಸ ಮಾಡಲು ಬಂದವರು ನಾನು ಗುಂಪಿನಿಂದ ಹೊರಹಾಕಿದ ಸದಸ್ಯೆ. ಅಂದು ರಾತ್ರಿಯವರೆಗೆ ಕೂತು ಕ್ಲಸ್ಟರ್‌ವಾರು ಹೆಸರು ಬರೆದೆವು. ಗುಂಪಿನಲ್ಲಿ ಹಾಕಿದರೆ ಸಾಲದು, ಒಬ್ಬೊಬ್ಬರಿಗೂ ಫೋನ್ ಮಾಡಬೇಕು ಎಂದವರು ಅವರೇ. ಎಷ್ಟೋ ನಂಬರು ಬದಲಾಗಿದ್ದವು. ಒಬ್ಬರು ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ತವರಿನಲ್ಲಿದ್ದರು. ಇನ್ನೊಬ್ಬರ ಬಳಿ ಇದ್ದದ್ದು ಗುಂಡಿಯ ಫೋನು. ಅವರಿಗೆ ನನ್ನ ಯಾವ ಸಂದೇಶವೂ ಎಂದೂ ಮುಟ್ಟಿರಲಿಲ್ಲ, ಅದು ನನಗೆ ಗೊತ್ತೇ ಇರಲಿಲ್ಲ. ಬಿಇಒ ಕಚೇರಿಯ ವಿಷಯ ನಿರ್ವಾಹಕರೊಬ್ಬರು ರಜೆಯ ದಿನವೂ ಬಂದು ಸೇವಾ ಪುಸ್ತಕಗಳನ್ನು ತೆಗೆದುಕೊಟ್ಟರು. ಆ ಉಪಕಾರವನ್ನು ಇಲ್ಲಿ ಹೇಳಲೇಬೇಕು, ಕಚೇರಿಯವರನ್ನು ಬೈಯುವುದಷ್ಟೇ ನಮಗೆ ರೂಢಿ.

ಬಹುತೇಕರ ಅರ್ಜಿ ಗಡುವಿನೊಳಗೆ ಸೇರಿತು. ಒಬ್ಬರದ್ದು ಸೇರಲಿಲ್ಲ. ಅವರು ದೂರದ ಗೊಲ್ಲರಹಟ್ಟಿಯ ಏಕೋಪಾಧ್ಯಾಯ ಶಾಲೆಯವರು. ಶಾಲೆ ಬಿಟ್ಟು ಬಂದರೆ ಆ ದಿನ ಶಾಲೆಗೆ ಬೀಗ. ಹಾಗಾಗಿ ತಾಲ್ಲೂಕಿಗೆ ಬರುವುದೇ ಅಪರೂಪ. ಅವರ ಅಭಿಮತ ಪತ್ರ ಕಚೇರಿ ಮುಟ್ಟಿದಾಗ ದಿನಾಂಕ ಮೀರಿತ್ತು, ‘ತಡವಾಗಿ ಸ್ವೀಕೃತ’ ಎಂಬ ಷರಾ ಬಿತ್ತು. ಆ ಕಡತದ ಹಿಂದೆ ನಾನು ಓಡಾಡಿದ್ದೇನೆ, ಮನವಿ ಬರೆದಿದ್ದೇನೆ, ಬೆಂಗಳೂರಿಗೆ ಹೋಗಿದ್ದೇನೆ. ಜನವರಿಯಿಂದ ಜೂನ್‌ವರೆಗಿನ ಯಾವುದಾದರೂ ಒಂದು ದಿನ ನಾನು ಬೈಕು ಹತ್ತಿ ಅವರ ಶಾಲೆಗೆ ಹೋಗಿದ್ದರೆ ಈ ಓಡಾಟವೇ ಬೇಕಿರಲಿಲ್ಲ.

ತಪ್ಪು ಎಲ್ಲಿ ಶುರುವಾಯಿತು ಎಂದು ಯೋಚಿಸಿದ್ದೇನೆ. ಒಳಪುಟ ಓದದ್ದು ಸೋಮಾರಿತನ, ಅದನ್ನು ತಿದ್ದಿಕೊಳ್ಳಬಹುದು. ಅದಕ್ಕಿಂತ ಆಳದ್ದು, ಸುದ್ದಿ ನನ್ನದು ಎಂದು ನಾನು ತಿಳಿದದ್ದು. ಕೊಟ್ಟರೆ ನನ್ನ ದೊಡ್ಡತನ, ಕೇಳಿದರೆ ಅವರ ಉದ್ಧಟತನ. ಸದಸ್ಯರು ಶುಲ್ಕ ಕೊಟ್ಟು ನಡೆಸುವ ಸಂಘದಲ್ಲಿ ಸುದ್ದಿ ಸದಸ್ಯರ ಸ್ವತ್ತು. ಕಾರ್ಯದರ್ಶಿ ಅದನ್ನು ಮನೆಮನೆಗೆ ಮುಟ್ಟಿಸಬೇಕಾದ ಅಂಚೆಯವನು. ನಾನು ಪತ್ರಗಳನ್ನು ತೆರೆದು, ನನಗೆ ಹಿತವೆನಿಸಿದ ಸಾಲನ್ನಷ್ಟೇ ಓದಿ ಹೇಳಿ, ಇಷ್ಟವಿಲ್ಲದವರ ಮನೆ ದಾಟಿ ಮುಂದೆ ಹೋಗುತ್ತಿದ್ದೆ.

ಆ ಜುಲೈನಲ್ಲಿ ಇನ್ನೊಂದು ಸುದ್ದಿ ಬಂತು. ಏಳನೇ ವೇತನ ಆಯೋಗದ ಶಿಫಾರಸನ್ನು ಆಗಸ್ಟ್ 1ರಿಂದ ಜಾರಿ ಮಾಡುವುದಾಗಿ ಸರ್ಕಾರ ಪ್ರಕಟಿಸಿತು. ಸಂಬಳ ಶೇ 58.5 ಹೆಚ್ಚಳ ಎಂದು ಎಲ್ಲೆಡೆ ಹರಿದಾಡಿತು. ನನ್ನ ಬೆರಳೂ ಅದನ್ನೇ ಟೈಪ್ ಮಾಡಿತ್ತು. ಕಳಿಸುವ ಮುಂಚೆ ಆ ಶಿಕ್ಷಕಿಗೆ ತೋರಿಸಿದೆ. ಅಷ್ಟರಲ್ಲಿ ಕ್ಷಮೆ ಕೇಳಿ ಅವರನ್ನು ಮತ್ತೆ ಗುಂಪಿಗೆ ಸೇರಿಸಿ, ಅವರು ಒಪ್ಪಿದ ಮೇಲೆ ಅಡ್ಮಿನ್ ಕೂಡ ಮಾಡಿದ್ದೆ. ಅವರು ಕಾಗದದ ಮೇಲೆ ಲೆಕ್ಕ ಹಾಕಿದರು. 58.5ರಲ್ಲಿ 31 ಎಂದರೆ ಆಗಲೇ ಕೈಗೆ ಬರುತ್ತಿದ್ದ ತುಟ್ಟಿಭತ್ಯೆಯ ಒಂದು ಭಾಗವನ್ನು ಮೂಲ ವೇತನಕ್ಕೆ ಸೇರಿಸಿದ್ದು. ಉಳಿದದ್ದು 27.5, ಅದರೊಳಗೆ ಹಿಂದಿನ ವರ್ಷದಿಂದ ಬರುತ್ತಿದ್ದ ಶೇ 17ರ ಮಧ್ಯಂತರ ಪರಿಹಾರವೂ ಸೇರಿದೆ. ಅಂದರೆ ಹಳೆ ಮೂಲ ವೇತನದ ಮೇಲೆ ಹೊಸದಾಗಿ ಸಿಕ್ಕದ್ದು ಶೇ 10.5. ಇದನ್ನೇ ಒಂದು ಉದಾಹರಣೆಯ ಸಮೇತ ಬರೆದೆವು. ಅಭಿನಂದನೆಯ ಸಾಲು ಇರಲಿಲ್ಲ. ಎದುರು ಬಣದವರ ಗುಂಪಿನಲ್ಲಿ 58.5 ಮೊದಲೇ ಹರಿದಿತ್ತು, ಜೈಕಾರವೂ ಆಗಿತ್ತು. ನಮ್ಮ ಸಂದೇಶ ತಡವಾಗಿ ಹೋಯಿತು. ಆದರೆ ಮನೆ ಸಾಲದ ಕಂತನ್ನು ಆ 58.5ರ ಲೆಕ್ಕದಲ್ಲಿ ಹೆಚ್ಚಿಸಿಕೊಳ್ಳಲು ಹೊರಟಿದ್ದ ಒಬ್ಬ ಮೇಷ್ಟ್ರು ಅದನ್ನು ಓದಿ ಬ್ಯಾಂಕಿನಿಂದ ವಾಪಸು ಬಂದರು.

2025ರ ಸೆಪ್ಟೆಂಬರ್ 1ರಂದು ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಕುರಿತ ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ, ಪೂರ್ತಿ ಓದಿ ತಿಳಿದು ಬರೆಯುವ ಈ ಹೊಸ ಕ್ರಮಕ್ಕೆ ನಿಜವಾದ ಪರೀಕ್ಷೆ ಎದುರಾಯಿತು. ‘ಟಿಇಟಿ ಇಲ್ಲದವರೆಲ್ಲ ಮನೆಗೆ’ ಎಂಬ ಸಂದೇಶ ಸಂಜೆಯೊಳಗೆ ಎಲ್ಲರ ಫೋನಿನಲ್ಲೂ ಇತ್ತು. ಶಿಕ್ಷಕ ತರಬೇತಿ (ಟಿಸಿಎಚ್) ಓದಿ ಇಪ್ಪತ್ತೈದು ವರ್ಷ ಪಾಠ ಮಾಡಿದವರು ಫೋನಿನಲ್ಲಿ ಅತ್ತರು. ನಾವು ಅಂದು ರಾತ್ರಿ ಕಳಿಸಿದ್ದು ಒಂದೇ ಸಾಲು: ತೀರ್ಪಿನ ಪ್ರತಿ ಓದುತ್ತಿದ್ದೇವೆ, ನಾಳೆ ಸಂಜೆ ತಿಳಿಸುತ್ತೇವೆ, ಅಲ್ಲಿಯವರೆಗೆ ಯಾವುದನ್ನೂ ನಂಬಬೇಡಿ. ಇಂಗ್ಲಿಷ್ ಬಲ್ಲ ಇಬ್ಬರು ಶಿಕ್ಷಕಿಯರು, ಒಬ್ಬ ವಕೀಲರು ಕೂತು ಓದಿದರು. ಮರುದಿನ ಬರೆದೆವು. ಶಿಕ್ಷಣ ಹಕ್ಕು ಕಾಯ್ದೆಗೆ ಮುಂಚೆ ನೇಮಕವಾಗಿದ್ದರೂ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಪರೀಕ್ಷೆ ಇಲ್ಲದೆ ಮುಂದುವರಿಯಬಹುದು, ಆದರೆ ಬಡ್ತಿ ಬೇಕೆಂದರೆ ಟಿಇಟಿ ಬೇಕು. ಅಲ್ಪಸಂಖ್ಯಾತ ಶಾಲೆಗಳ ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಕಳಿಸಲಾಗಿದೆ. ಕೊನೆಗೆ, ರಾಜ್ಯ ಸರ್ಕಾರದ ನಿಲುವು ಇನ್ನೂ ಗೊತ್ತಿಲ್ಲ ಎಂದೂ ಬರೆದೆವು. ಗೊತ್ತಿಲ್ಲ ಎಂಬ ಮಾತನ್ನು ಸಂಘದ ಹೆಸರಿನಲ್ಲಿ ನಾನು ಬರೆದದ್ದು ಅದೇ ಮೊದಲು. ಯಾರೂ ನಮ್ಮನ್ನು ಹೀನಾಯ ಮಾಡಲಿಲ್ಲ. ‘ಇಷ್ಟು ತಿಳಿದ್ರೆ ನಿದ್ದೆ ಬರುತ್ತೆ ಸರ್’ ಎಂದು ಹಿರಿಯ ಶಿಕ್ಷಕಿಯೊಬ್ಬರು ಬರೆದರು. ಸೇವೆಯಲ್ಲಿರುವವರ ಮೇಲೆ ಈ ಪರೀಕ್ಷೆ ಹೇರುವುದು ಅನ್ಯಾಯ ಎಂಬುದೇ ನನ್ನ ನಿಲುವು, ಅದರ ವಿರುದ್ಧ ನಾವು ಮನವಿಯನ್ನೂ ಕೊಟ್ಟೆವು. ಆದರೆ ತೀರ್ಪಿನಲ್ಲಿ ಏನಿದೆ ಎಂಬುದನ್ನೂ ನಮಗೆ ಏನು ಬೇಕು ಎಂಬುದನ್ನೂ ಬೇರೆ ಬೇರೆ ಸಂದೇಶವಾಗಿ ಕಳಿಸಿದೆವು. ಹಿಂದಿನ ನಾನಾಗಿದ್ದರೆ ಎರಡನ್ನೂ ಕಲಸಿಬಿಡುತ್ತಿದ್ದೆ.

ಈಗ ನಾನು ಕಾರ್ಯದರ್ಶಿಯಲ್ಲ. ಆ ಜವಾಬ್ದಾರಿಗೆ ಆ ಶಿಕ್ಷಕಿಯೇ ನಿಲ್ಲಬೇಕೆಂದು ಕೇಳಿದೆ. ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ ಎಂದು ಒಪ್ಪಲಿಲ್ಲ, ಆದರೆ ಸಂದೇಶ ತಿದ್ದುವ ಕೆಲಸ ಬಿಟ್ಟಿಲ್ಲ. ಗುಂಡಿ ಫೋನಿನವರ ಪಟ್ಟಿ ಪ್ರತಿ ಕ್ಲಸ್ಟರಿನಲ್ಲೂ ಇದೆ, ಅವರಿಗೆ ಫೋನ್ ಮಾಡಲು ಒಬ್ಬೊಬ್ಬರು ಗೊತ್ತಾಗಿದ್ದಾರೆ. ಸಭೆ ಶನಿವಾರ ಮಧ್ಯಾಹ್ನಕ್ಕೆ ಬದಲಾಗಿದೆ.

ಬೇರೆ ತಾಲ್ಲೂಕುಗಳಲ್ಲಿ, ಬೇರೆ ಇಲಾಖೆಗಳ ಸಂಘಗಳಲ್ಲಿ ಈ ಕೆಲಸ ಮಾಡುತ್ತಿರುವವರಿಗೆ ನನ್ನದೊಂದು ಬೇಡಿಕೆ. ನಿಮ್ಮ ಗುಂಪಿನಿಂದ ನೀವು ತೆಗೆದವರ ಹೆಸರುಗಳನ್ನು ಒಮ್ಮೆ ಬರೆದು ನೋಡಿ. ಅವರಲ್ಲಿ ಶುಲ್ಕ ಕಟ್ಟುತ್ತಿರುವವರು ಒಬ್ಬರೇ ಇದ್ದರೂ ಇವತ್ತೇ ಫೋನ್ ಮಾಡಿ ಮತ್ತೆ ಸೇರಿಸಿ. ಸದಸ್ಯರಾಗಿರುವವರೇ, ಸಂಘದ ಸಂದೇಶ ಬಂದಾಗ ಆದೇಶದ ಪೂರ್ತಿ ಪ್ರತಿ ಕೇಳಿ, ಅದರಲ್ಲಿ ದಿನಾಂಕ, ಗಡುವು, ಯಾರಿಗೆ ಅನ್ವಯ ಎಂಬುದನ್ನು ನೀವೇ ಓದಿ. ಉತ್ತರ ಸಿಗದಿದ್ದರೆ ಮತ್ತೆ ಕೇಳಿ.